ಸಕ್ಕರೆ ಎಷ್ಟು ಹಾಕಲಿ?

ಕೇಳುಗರೇ, ನಮಸ್ಕಾರ.

ಮಾನಸಿಕ ಆಸ್ಪತ್ರೆಯಿಂದ ಈಗಿರುವ ಆಸರೆ ಮನೆಗೆ ಬಂದ ದಿನ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಕಾಫಿಗೆ ಸಕ್ಕರೆ ಎಷ್ಟು ಹಾಕಲಿ?" ನನಗೆ ಉತ್ತರವೇ ಹೊಳೆಯಲಿಲ್ಲ. ಹದಿನಾಲ್ಕು ತಿಂಗಳು ವಾರ್ಡಿನಲ್ಲಿದ್ದೆ. ಅಲ್ಲಿ ಬೆಳಿಗ್ಗೆ ಆರಕ್ಕೆ ದೊಡ್ಡ ಕ್ಯಾನಿನಲ್ಲಿ ಕಾಫಿ ಬರುತ್ತಿತ್ತು, ಸಕ್ಕರೆ ಬೆರೆಸಿಯೇ ಬರುತ್ತಿತ್ತು. ಯಾವಾಗ ಮಲಗಬೇಕು, ಏನು ಉಡಬೇಕು, ಎಲ್ಲ ಬೇರೆಯವರದೇ ತೀರ್ಮಾನ. ಬಚ್ಚಲಿಗೆ ಒಳಗಡೆ ಚಿಲಕ ಇರಲಿಲ್ಲ. ನಿಮ್ಮ ಒಳ್ಳೆಯದಕ್ಕೇ ಅನ್ನುತ್ತಿದ್ದರು. ಇರಬಹುದು.

ನನಗಿರುವುದು ಸ್ಕಿಜೋಫ್ರೇನಿಯಾ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಧ್ವನಿ ಕೇಳಿಸುತ್ತದೆ. ಮೊದಲು ಊರಲ್ಲಿ ತಾಯಿತ ಕಟ್ಟಿಸಿದರು, ದೇವಸ್ಥಾನ ಸುತ್ತಿಸಿದರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅಣ್ಣ ಆಸ್ಪತ್ರೆಗೆ ಸೇರಿಸಿದ. ಮೂರು ತಿಂಗಳಿಗೇ ಡಾಕ್ಟರು ಮನೆಗೆ ಕರೆದುಕೊಂಡು ಹೋಗಬಹುದು ಅಂದರು. "ಮಗಳ ಮದುವೆ ಆಗಿಬಿಡಲಿ" ಅಂದ ಅಣ್ಣ. ಮದುವೆ ಆಯಿತು, ಸೀಮಂತ ಬಂತು. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಅವರ ಮನೇಲಿ ಒಬ್ಬಳಿಗೆ ತಲೆ ಸರಿ ಇಲ್ವಂತೆ ಅನ್ನುವ ಒಂದು ಮಾತಿಗೆ ಸಂಬಂಧ ಮುರಿದು ಬೀಳುತ್ತದೆ, ಅಲ್ವಾ?

2017ರ ಮಾನಸಿಕ ಆರೋಗ್ಯ ಕಾಯ್ದೆಯ 19ನೇ ಸೆಕ್ಷನ್ನಿನಲ್ಲಿ ಒಂದು ಮಾತಿದೆ. ಮನೆಯವರು ಒಲ್ಲೆ ಅಂದರು, ಹೋಗಲು ಜಾಗವಿಲ್ಲ ಎಂಬ ಕಾರಣಕ್ಕೇ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಆಸ್ಪತ್ರೆ ಬಿಟ್ಟವರು ಸ್ವಂತ ಬದುಕಿಗೆ ಹೊಂದಿಕೊಳ್ಳುವ ತನಕ ಇರುವ ಹಾಫ್‌ವೇ ಹೋಮ್, ಆಸರೆ ಮನೆ ಇಂಥವನ್ನು ಒದಗಿಸುವುದು ಸರ್ಕಾರದ ಹೊಣೆ ಅಂತಲೂ ಕಾಯ್ದೆ ಹೇಳುತ್ತದೆ. ಓದಲು ಚೆನ್ನಾಗಿದೆ. ಮನೆಗಳು ಮಾತ್ರ ಕಡಿಮೆ, ಇರುವವೂ ಜಾಸ್ತಿ ದೊಡ್ಡ ಊರುಗಳಲ್ಲೇ. ಬೆಂಗಳೂರಿನಲ್ಲಿ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಷಿಪ್ ಸೊಸೈಟಿಯವರು ಈ ಕೆಲಸದಲ್ಲಿ ಹಳಬರು. ಚೆನ್ನೈನ ಬ್ಯಾನಿಯನ್ ಸಂಸ್ಥೆ 'ಹೋಮ್ ಅಗೇನ್' ಅಂತ ಶುರುಮಾಡಿತು. ಬೋರ್ಡು ಇಲ್ಲ, ಗೇಟಿಗೆ ಕಾವಲಿಲ್ಲ. ಊರ ನಡುವೆ ಮಾಮೂಲಿ ಬಾಡಿಗೆ ಮನೆ, ಅದರಲ್ಲಿ ನಾಲ್ಕೈದು ಜನ, ಜೊತೆಗೆ ಬೇಕಾದಾಗ ಕೈಹಿಡಿಯಲು ಒಬ್ಬರು.

ನಾನಿರುವ ಮನೆಯೂ ಹೆಚ್ಚುಕಡಿಮೆ ಹಾಗೇ. ಐದು ಜನ ಹೆಂಗಸರು, ನೋಡಿಕೊಳ್ಳಲು ಒಬ್ಬರು ಅಕ್ಕ. ಬಾಡಿಗೆಗೆ ಮನೆ ಸಿಗಲು ಆರು ಕಡೆ ಅಲೆದರಂತೆ. "ಎಂಥ ಹೆಂಗಸರು?" ಅಂತ ಕೇಳಿ ಅಡ್ವಾನ್ಸ್ ವಾಪಸ್ ಕೊಟ್ಟವರೂ ಇದ್ದರು.

ನನ್ನ ಪಾಲಿಗೆ ಬಂದದ್ದು ಹಾಲು ಕಾಯಿಸುವ ಕೆಲಸ. ಮೂರು ದಿನ ಮೂರೂ ದಿನ ಉಕ್ಕಿಸಿದೆ. ಒಲೆ ಮುಂದೆಯೇ ನಿಂತಿರುತ್ತಿದ್ದೆ, ಕಿವಿ ಮಾತ್ರ ಆ ಧ್ವನಿಯ ಕಡೆಗೆ. ಕಟ್ಟೆಯ ಮೇಲೆಲ್ಲ ಹಾಲು, ಸೀದ ವಾಸನೆ. ನಾಲ್ಕನೇ ದಿನ ಈ ಕೆಲಸ ಬೇರೆಯವರಿಗೆ ಹೋಗುತ್ತದೆ ಅಂದುಕೊಂಡು ಅಡುಗೆಮನೆಗೆ ಹೋದೆ. ಅಕ್ಕ ಹಾಲಿನ ಪಾತ್ರೆ ಬದಲಾಯಿಸಿದ್ದರು. ಒಂದು ಲೀಟರ್ ಹಾಲಿಗೆ ಸಾರು ಮಾಡುವ ದೊಡ್ಡ ಪಾತ್ರೆ. "ಉಕ್ಕಿದರೂ ಒಳಗೇ ಉಕ್ಕುತ್ತೆ ಬಿಡು" ಅಂದರು. ಅಷ್ಟೇ. ಮೂರು ತಿಂಗಳಾದ ಮೇಲೆ ನಾನೇ ಹಳೇ ಪಾತ್ರೆ ಇಳಿಸಿಕೊಂಡೆ.

ಧ್ವನಿ ಹೋಯಿತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಮಾತ್ರೆಯಿಂದ ಕಡಿಮೆಯಾಗಿದೆ. ಸಂಜೆ ಹೊತ್ತು ಒಮ್ಮೊಮ್ಮೆ ಬರುತ್ತದೆ. "ಆಮೇಲೆ ಬಾ, ಕೈ ತುಂಬ ಕೆಲಸ ಇದೆ" ಅನ್ನುತ್ತೇನೆ. ನಗಬೇಡಿ, ಕೆಲವು ದಿನ ಅದು ಕೇಳುತ್ತದೆ.

ಎಲ್ಲ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಎರಡನೇ ವರ್ಷ ನಾನು ಸುಮ್ನೆ ಮಾತ್ರೆ ಬಿಟ್ಟೆ. ಮೈ ದಪ್ಪವಾಗುತ್ತಿತ್ತು, ಕೈ ನಡುಗುತ್ತಿತ್ತು. ಅದನ್ನು ಡಾಕ್ಟರಿಗೆ ಹೇಳಬೇಕಿತ್ತು, ಮಾತ್ರೆ ಬದಲಾಯಿಸಲು ಆಗುತ್ತದೆ. ನಾನು ಹೇಳಲಿಲ್ಲ, ಕಿಟಕಿಯಿಂದ ಎಸೆದೆ. ಮೂರು ವಾರಕ್ಕೆ ಜೆರಾಕ್ಸ್ ಅಂಗಡಿಯ ಕೆಲಸಕ್ಕೆ ಹೋಗುವುದು ನಿಂತಿತು. ಮತ್ತೆ ಹನ್ನೆರಡು ದಿನ ಆಸ್ಪತ್ರೆ. ವಾಪಸ್ ಬಂದಾಗ ನನ್ನ ಮಂಚ ಹಾಗೇ ಇತ್ತು, ಹಾಸಿಗೆಯ ಮೇಲೆ ನನ್ನ ಒಗೆದ ನೈಟಿ ಮಡಚಿಟ್ಟಿದ್ದರು. ಅಂಗಡಿಯವರು ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದರು, ಆಮೇಲೆ ಸರಿಹೋದರು.

ಇದನ್ನು ಕೇಳುತ್ತಿರುವ ಯಾರದಾದರೂ ಮನೆಯವರು ವಾರ್ಡಿನಲ್ಲೇ ಉಳಿದುಬಿಟ್ಟಿದ್ದರೆ, ಅಲ್ಲಿನ ಸೋಷಿಯಲ್ ವರ್ಕರ್ ಹತ್ತಿರ ಇಂಥ ಮನೆಗಳ ಬಗ್ಗೆ ಕೇಳಿ. ಮನಸ್ಸಿನ ತೊಂದರೆಗೆ ಯಾರ ಹತ್ತಿರ ಹೋಗಬೇಕು ಅಂತ ತೋಚದಿದ್ದರೆ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೋದ ತಿಂಗಳು ನಮ್ಮಲ್ಲಿ ಒಬ್ಬಳು ಬೇರೆ ರೂಮು ಮಾಡಿಕೊಂಡು ಹೋದಳು. ಎರಡು ಬೀದಿ ಆಚೆ, ಒಂದೇ ಕೋಣೆ. ನಾವೆಲ್ಲ ಸೇರಿ ಸಾಮಾನು ಆಟೋಗೆ ಹಾಕಿದೆವು. ಕುಕ್ಕರ್ ಹೋಯಿತು, ಅದರ ವಿಸಿಲ್ ನಮ್ಮಲ್ಲೇ ಉಳಿಯಿತು. ಮರುದಿನ ಅದನ್ನು ಕೊಡಲು ಹೋದೆ. ಬಾಗಿಲು ತಟ್ಟಿದೆ. "ಯಾರು?" ಅಂತ ಕೇಳಿದಳು. ನಾನು ಅಂದೆ. ಒಳಗಡೆಯಿಂದ ಚಿಲಕ ತೆಗೆದ ಸದ್ದಾಯಿತು.

ನಮಸ್ಕಾರ.