ಪಾರ್ಕಿನ ಕೆರೆಯಲ್ಲಿ ಯಾರ್ಯಾರಿದಾರೆ?

ಕೇಳುಗರೇ, ನಮಸ್ಕಾರ. ಪಾರ್ಕಲ್ಲಿ ಕೆರೆನೋ ಕೊಳನೋ ಇದ್ರೆ ವಾಕಿಂಗ್ ಬಂದೋರು ಅದರ ಸುತ್ತ ನಾಲ್ಕು ರೌಂಡ್ ಹೊಡೀತಾರೆ, ನೀರಿನ ಕಡೆ ಕಣ್ಣು ಹೋದ್ರೂ "ಓ, ಬಾತುಕೋಳಿ" ಅಂದು ಮುಂದೆ ಹೋಗ್ಬಿಡ್ತಾರೆ, ಆದ್ರೆ ಅಲ್ಲಿ ಎಷ್ಟೋ ಹಕ್ಕಿಗಳು ಬಾತುಕೋಳಿ ಅಲ್ವೇ ಅಲ್ಲ. ಹೆಸರು ಗೊತ್ತಿಲ್ಲ ಅಂತ ಹಿಂಜರೀಬೇಡಿ, ಬೈನಾಕ್ಯುಲರ್ ಇಲ್ದಿದ್ರೂ ಪರವಾಗಿಲ್ಲ. ಮೊದ್ಲು ಹಕ್ಕಿಯ ಮೈ ನೀರಲ್ಲಿ ಎಷ್ಟು ಮುಳುಗಿದೆ ಅಂತ ನೋಡಿ, ಅರ್ಧ ಗುರುತು ಅಲ್ಲೇ ಸಿಕ್ಕಿಬಿಡುತ್ತೆ.

ಬಾತು ಹಗುರವಾಗಿ ಮೇಲೆ ತೇಲುತ್ತೆ. ಬಾಲದ ಬುಡದಲ್ಲಿ ಎಣ್ಣೆ ಗ್ರಂಥಿ ಇರುತ್ತೆ, ಆ ಎಣ್ಣೆನ ಕೊಕ್ಕಿಂದ ತಗೊಂಡು ಗರಿಗೆಲ್ಲಾ ಸವರ್ಕೊಳ್ತಾ ಇರುತ್ತೆ, ಅದಕ್ಕೇ ಗರಿ ಒಳಗೆ ನೀರು ಇಳಿಯಲ್ಲ. ಮೈಯೆಲ್ಲಾ ಕಪ್ಪು, ಕೊಕ್ಕು ಹಣೆ ಮಾತ್ರ ಬೆಳ್ಳಗಿದ್ರೆ ಅದು ನಾಮದ ಕೋಳಿ, ತಲೆ ಹಿಂದೆ ಮುಂದೆ ಆಡಿಸ್ಕೊಂಡು ಈಜುತ್ತೆ, ಹಾರೋಕೆ ಮುಂಚೆ ನೀರಿನ ಮೇಲೇ ಪಟಪಟ ಅಂತ ದೂರ ಓಡುತ್ತೆ.

ನನಗಂತೂ ಗುಳುಮುಳುಕ ಅಂದ್ರೆ ಪ್ರಾಣ. ಪಾರಿವಾಳಕ್ಕಿಂತ ಚಿಕ್ಕದು, ಬಾಲ ಇಲ್ವೇನೋ ಅನ್ಸೋ ದುಂಡು ಹಕ್ಕಿ, ನೋಡ್ತಾ ಇದ್ದಂಗೇ ಗುಳುಕ್ ಅಂತ ಮಾಯ, 15-20 ಸೆಕೆಂಡ್ ಆದ್ಮೇಲೆ ನಾವು ಅಂದ್ಕೊಂಡಿರದ ಜಾಗದಲ್ಲಿ ಏಳುತ್ತೆ. ಕಾಲು ಮೈಯ ತೀರಾ ಹಿಂದಕ್ಕಿರೋದ್ರಿಂದ ನೀರೊಳಗೆ ಭಾರಿ ಚುರುಕು, ನೆಲದ ಮೇಲೆ ನಡಿಯೋದು ಕಷ್ಟ. ಗೂಡೂ ನೀರಲ್ಲೇ, ಜೊಂಡು ಪಾಚಿ ಕೂಡಿಸಿ ಕಟ್ಟಿದ ತೇಲೋ ಗುಡ್ಡೆ. ಎದ್ದು ಹೋಗುವಾಗ ಮೊಟ್ಟೆ ಮೇಲೆ ಒದ್ದೆ ಕಳೆ ಎಳೆದು ಮುಚ್ಚಿ ಹೋಗುತ್ತೆ, ಅದಕ್ಕೇ ಕಸದ ಗುಡ್ಡೆ ಅಂದ್ಕೊಂಡು ಕೋಲು ಹಾಕಿ ಕೆದಕೋದು ಬೇಡ, ದಯವಿಟ್ಟು. ಮರಿಗಳ ತಲೇಲಿ ಪಟ್ಟೆ ಪಟ್ಟೆ ಇರುತ್ತೆ, ಅಪ್ಪ ಅಮ್ಮನ ಬೆನ್ನ ಗರಿ ಒಳಗಿಂದ ಇಣುಕ್ತಾ ಸವಾರಿ ಮಾಡ್ತವೆ, ಇದನ್ನ ಒಂದ್ಸಲನಾದ್ರೂ ನೋಡ್ಲೇಬೇಕು.

ಮೈ ಬಹುಪಾಲು ಮುಳುಗಿ ಕತ್ತು ಮಾತ್ರ ಎದ್ದು ಕಾಣ್ತಿದ್ರೆ ನೀರುಕಾಗೆ ಇರ್ಬೇಕು. ಇದರ ಗರಿಯ ಹೊರಭಾಗ ನೀರು ಹೀರ್ಕೊಳ್ಳುತ್ತೆ, ಒಳಗಿದ್ದ ಗಾಳಿ ಹೊರಗೋಗಿ ಮೈ ತೇಲೋದು ಕಮ್ಮಿ ಆಗುತ್ತೆ, ಮುಳುಗಿ ಮೀನು ಹಿಡಿಯೋಕೆ ಅದೇ ಅನುಕೂಲ. ಆಮೇಲೆ ಕಲ್ಲಿನ ಮೇಲೆ ರೆಕ್ಕೆ ಅಗಲಿಸಿ ನಿಂತಿರುತ್ತಲ್ಲ, ಅದು ಗರಿ ಒಣಗಿಸ್ಕೊಳ್ಳೋದು. ಅಷ್ಟೊತ್ತಲ್ಲಿ ಫೋಟೋಗೆ ಅಂತ ಹತ್ರ ಹೋಗ್ಬೇಡಿ.

ದಡದಲ್ಲಿ ಚಿಕ್ಕ ಬೆಳ್ಳಕ್ಕಿ ಸಿಕ್ರೆ ಕಾಲು ನೋಡಿ, ಕರೀ ಕಾಲಿಗೆ ಹಳದಿ ಪಾದ, ಅದನ್ನ ಕೆಸರಲ್ಲಿ ಅದುರಿಸಿ ಅಡಗಿರೋ ಮೀನು ಎಬ್ಬಿಸುತ್ತೆ.

ಬ್ರೆಡ್ ಮಾತ್ರ ಹಾಕ್ಬೇಡಿ. ಹೊಟ್ಟೆ ತುಂಬುತ್ತೆ, ಪೋಷಣೆ ಸಿಗಲ್ಲ, ಉಳಿದದ್ದು ಕೊಳೆತು ನೀರೂ ಹಾಳು. ಬೆಳಿಗ್ಗೆ ಬೇಗ ಹೋಗಿ, ಸೂರ್ಯ ಬೆನ್ನ ಹಿಂದೆ ಬರೋ ಹಾಗೆ ನಿಂತ್ಕೊಳ್ಳಿ, ಇಲ್ಲಾಂದ್ರೆ ಬೆಳಕಿಗೆ ಎಲ್ಲಾ ಹಕ್ಕಿನೂ ಕಪ್ಪಗೇ ಕಾಣುತ್ತೆ. ನಮಸ್ಕಾರ.