ಒಂದೇ ವಿಂಡೋಸ್ ಇಮೇಜ್, 30 ಕಂಪ್ಯೂಟರ್: ಸಿಸ್‌ಪ್ರೆಪ್ ಬಿಟ್ರೆ ಏನಾಗತ್ತೆ?

[ಪರದೆ: ಮತ್ತೆ ಮತ್ತೆ ಪಾಸ್‌ವರ್ಡ್ ಕೇಳ್ತಿರೋ ಕಿಟಕಿ]

ಆಫೀಸಿನ 30 ಕಂಪ್ಯೂಟರ್‌ಗೂ ಒಂದೇ ವಿಂಡೋಸ್ 11 ಇಮೇಜ್, ಅಂದ್ರೆ ಒಂದು ಮಷಿನ್ನಿನ ಡಿಸ್ಕಿನ ಪೂರ್ತಿ ನಕಲು, ಹಾಕಿದೀರಿ. ಎಲ್ಲಾ ಬೂಟ್ ಆಗಿವೆ. ಆದ್ರೆ ಪಕ್ಕದ ಮಷಿನ್ನಿನ ಶೇರ್ಡ್ ಫೋಲ್ಡರ್ ತೆರೆಯೋಕೆ ಹೋದ್ರೆ ಸರಿಯಾದ ಪಾಸ್‌ವರ್ಡ್ ಕೊಟ್ರೂ ಒಳಗೆ ಬಿಡಲ್ಲ. ಈವೆಂಟ್ ವ್ಯೂವರ್‌ಗೆ ಹೋಗಿ ಸಿಸ್ಟಮ್ ಲಾಗ್ ನೋಡಿ. ಅಲ್ಲಿ 6167 ಅನ್ನೋ ಈವೆಂಟ್ ಐಡಿ ಇದ್ರೆ, ಎರಡೂ ಮಷಿನ್‌ಗೆ ಒಂದೇ ಎಸ್‌ಐಡಿ ಇರೋ ಸಾಧ್ಯತೆ ಹೆಚ್ಚು.

ವಿಂಡೋಸ್ ಇನ್‌ಸ್ಟಾಲ್ ಆಗುವಾಗ ಹುಟ್ಟೋ ಗುರುತಿನ ಸಂಖ್ಯೆ ಈ ಎಸ್‌ಐಡಿ. ಡಿಸ್ಕ್ ಕ್ಲೋನ್ ಮಾಡಿದ್ರೆ ಅದೂ ನಕಲಾಗತ್ತೆ. ಇದರಿಂದ ತೊಂದರೆ ಇಲ್ಲ ಅಂತ 2009ರಲ್ಲಿ ಮೈಕ್ರೋಸಾಫ್ಟ್‌ನ ಮಾರ್ಕ್ ರುಸಿನೊವಿಚ್ ಬರೆದಿದ್ರು. ಎಸ್‌ಐಡಿ ಬದಲಿಸೋ ತಮ್ಮ ನ್ಯೂಎಸ್‌ಐಡಿ ಟೂಲನ್ನೂ ನಿಲ್ಲಿಸಿದ್ರು. ಆದ್ರೆ 2025ರ ಆಗಸ್ಟ್ 29ರಿಂದ ಬಂದ ಅಪ್‌ಡೇಟ್‌ಗಳು 24ಎಚ್2, 25ಎಚ್2 ಆವೃತ್ತಿಗಳಲ್ಲಿ ಎಸ್‌ಐಡಿ ತಾಳೆ ನೋಡ್ತವೆ. ಸಿಸ್‌ಪ್ರೆಪ್ ಇಲ್ಲದೆ ನಕಲು ಮಾಡೋ ಹಳೇ ರೂಢಿ ಇನ್ನು ನಡೆಯಲ್ಲ. ಸಿಸ್‌ಪ್ರೆಪ್ ಅಂದ್ರೆ ನಕಲು ಮಾಡೋ ಮುಂಚೆ ಎಸ್‌ಐಡಿಯಂಥ ಗುರುತು ಅಳಿಸೋಕೆ ವಿಂಡೋಸ್‌ನಲ್ಲೇ ಇರೋ ಟೂಲ್.

[ಪರದೆ: ವಿಂಡೋಸ್ ಸೆಟಪ್‌ನ ಮೊದಲ ಪುಟ]

ಮಾಸ್ಟರ್ ಮಷಿನ್‌ನಲ್ಲಿ, ಅಂದ್ರೆ ನಕಲು ತೆಗೆಯೋ ಮೂಲ ಕಂಪ್ಯೂಟರಿನಲ್ಲಿ, ವಿಂಡೋಸ್ ಹಾಕಿದ ಮೇಲೆ ದೇಶ ಕೇಳೋ ಪುಟ ಬರತ್ತಲ್ಲ, ಅಲ್ಲೇ ಕಂಟ್ರೋಲ್, ಶಿಫ್ಟ್, ಎಫ್3 ಒಟ್ಟಿಗೆ ಒತ್ತಿ. ಸೆಟಪ್ ಮುಗಿಸದೇ ಸಾಫ್ಟ್‌ವೇರ್ ಹಾಕೋಕೆ ಬಿಡೋ ಆಡಿಟ್ ಮೋಡ್ ಬರತ್ತೆ. ಇಂಟರ್ನೆಟ್ ಕೇಬಲ್ ತೆಗೆದಿಟ್ಟು, ಪೆನ್‌ಡ್ರೈವ್‌ನಿಂದ ಸಾಫ್ಟ್‌ವೇರ್ ಹಾಕಿ. ನೆಟ್ ಇದ್ರೆ ಸ್ಟೋರ್ ತಾನಾಗೇ ಆ್ಯಪ್‌ಗಳನ್ನ ಅಪ್‌ಡೇಟ್ ಮಾಡತ್ತೆ, ಆಮೇಲೆ ಸಿಸ್‌ಪ್ರೆಪ್ ಮುಂದೆ ಹೋಗಲ್ಲ. ಡಿಸ್ಕನ್ನ ಎನ್‌ಕ್ರಿಪ್ಟ್ ಮಾಡೋ ಬಿಟ್‌ಲಾಕರ್ ಆನ್ ಇದ್ರೂ ಅಷ್ಟೇ, ಮೊದಲೇ ಆಫ್ ಮಾಡಿ.

[ಪರದೆ: ಸಿಸ್‌ಪ್ರೆಪ್ ಕಿಟಕಿ, ಹತ್ತಿರದಿಂದ]

ಈ ಚಿಕ್ಕ ಚೌಕ ನೋಡಿ: ಜನರಲೈಸ್. ಕಿಟಕಿ ತೆರೆದಾಗ ಇದರಲ್ಲಿ ಟಿಕ್ ಇರಲ್ಲ, ನೀವೇ ಹಾಕ್ಬೇಕು. ಎಸ್‌ಐಡಿ ಅಳಿಸೋದು ಇದೇ. ಕೆಳಗೆ ರೀಬೂಟ್ ಇರತ್ತೆ, ಅದನ್ನ ಬದಲಿಸಿ ಶಟ್‌ಡೌನ್ ಆರಿಸಿ.

ಎರರ್ ಬಂದ್ರೆ ಸಿಸ್‌ಪ್ರೆಪ್ ಫೋಲ್ಡರಿನೊಳಗೆ ಪ್ಯಾಂಥರ್ ಅಂತ ಇದೆ. ಅದರಲ್ಲಿರೋ ಸೆಟಪ್‌ಆ್ಯಕ್ಟ್ ಲಾಗಿನ ಕೊನೇ ಸಾಲುಗಳನ್ನ ಓದಿ. ಸಾಮಾನ್ಯವಾಗಿ ಅಡ್ಡ ಬಂದ ಆ್ಯಪ್‌ನ ಹೆಸರು ಅಲ್ಲೇ ಸಿಗತ್ತೆ. ಪವರ್‌ಶೆಲ್‌ನಿಂದ ಅದನ್ನ ತೆಗೆದು ಮತ್ತೆ ನಡೆಸಿ.

ಶಟ್‌ಡೌನ್ ಆದ ಮಾಸ್ಟರನ್ನ ಅದೇ ಡಿಸ್ಕಿನಿಂದ ಆನ್ ಮಾಡ್ಬೇಡಿ, ದಯವಿಟ್ಟು. ಒಮ್ಮೆ ಬೂಟ್ ಆದ್ರೆ ಹೊಸ ಎಸ್‌ಐಡಿ ಹುಟ್ಟಿ ಇಷ್ಟೂ ಕೆಲಸ ನೀರಲ್ಲಿ ಹೋಮ. ನೇರ ಡಿಸ್ಕ್ ನಕಲು ಮಾಡೋ ಕ್ಲೋನ್‌ಜಿಲ್ಲಾ ಇರೋ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಇಮೇಜ್ ತೆಗೀರಿ. ಮಾಸ್ಟರ್ ಡಿಸ್ಕ್ 256 ಜಿಬಿ, ಹಾಕೋ ಡಿಸ್ಕ್ 240 ಜಿಬಿ ಆದ್ರೆ ಕ್ಲೋನ್‌ಜಿಲ್ಲಾ ಒಪ್ಪಲ್ಲ. ಮಾಸ್ಟರ್‌ಗೆ ಚಿಕ್ಕ ಡಿಸ್ಕೇ ಇರ್ಲಿ.

[ಪರದೆ: ಸ್ವಿಚ್ಚಿನ ಪೋರ್ಟ್ ದೀಪಗಳು]

ಇಮೇಜ್ ಹಂಚೋಕೆ ಮಲ್ಟಿಕಾಸ್ಟ್ ಬಳಸಿ, ಅಂದ್ರೆ ಎಲ್ಲಾ ಮಷಿನ್‌ಗೂ ಒಂದೇ ಸಲ ಕಳಿಸೋದು. ಬೇರೆಯದೇ ಗಿಗಾಬಿಟ್ ಸ್ವಿಚ್ ಇಟ್ಕೊಳ್ಳಿ, ಇಲ್ಲಾಂದ್ರೆ ಆಫೀಸಿನಲ್ಲಿ ಐಪಿ ವಿಳಾಸ ಹಂಚೋ ಡಿಎಚ್‌ಸಿಪಿ ಜೊತೆ ಜಗಳ ಆಗತ್ತೆ. ಶುರು ಮಾಡೋ ಮುಂಚೆ ದೀಪಗಳನ್ನ ನೋಡಿ. ಗಿಗಾಬಿಟ್‌ಗೆ ಕೇಬಲ್ಲಿನ ಎಂಟೂ ತಂತಿ ಬೇಕು, 100 ಎಂಬಿಪಿಎಸ್‌ಗೆ ನಾಲ್ಕು ಸಾಕು. ಒಂದು ತಂತಿ ಕಡಿದ ಪೋರ್ಟ್ 100ಕ್ಕೆ ಇಳಿದ್ರೆ ಉಳಿದ 29 ಮಷಿನ್‌ಗಳೂ ಅದರ ವೇಗಕ್ಕೇ ಇಳೀತವೆ. ಆಗ 20 ಜಿಬಿ ಇಮೇಜ್ ಕಳಿಸೋಕೇ ಅರ್ಧ ಗಂಟೆ.

ಮೊದಲು ಎರಡೇ ಮಷಿನ್‌ಗೆ ಹಾಕಿ ಎಸ್‌ಐಡಿ ತೋರಿಸೋ ಪಿಎಸ್‌ಗೆಟ್‌ಸಿಡ್ ಟೂಲ್ ನಡೆಸಿ, ಎರಡರ ಸಂಖ್ಯೆಯೂ ಬೇರೆ ಬೇರೆ ಬರ್ಬೇಕು. ಈಗಾಗಲೇ ಸಿಸ್‌ಪ್ರೆಪ್ ಇಲ್ಲದೆ ಹಾಕಿರೋ ಮಷಿನ್‌ಗಳಲ್ಲಿ ಕಂಪ್ಯೂಟರ್ ಹೆಸರು ಬದಲಿಸಿದ್ರೆ ಎಸ್‌ಐಡಿ ಬದಲಾಗಲ್ಲ, ಡೊಮೇನ್‌ನಿಂದ ತೆಗೆದು ಮತ್ತೆ ಸೇರಿಸಿದ್ರೂ ಅಷ್ಟೇ. ಫೈಲ್‌ಗಳನ್ನ ಬ್ಯಾಕಪ್ ತಗೊಂಡು, ಹೊಸ ಇಮೇಜೇ ಹಾಕ್ಬೇಕು.