ದುಡಿದ ರಾಜ್ಯದ ಋಣ

ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿ ಕೆಲಸ ಕಳೆದುಕೊಂಡು ಬೇರೆ ರಾಜ್ಯಕ್ಕೆ ಗಂಟುಮೂಟೆ ಕಟ್ಟಿದವರಿಗಾಗಿ ಇಂದು ನಾಲ್ಕು ಮಾತು.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನನ್ನ ತಂಗಿಯ ಕೆಲಸ ಹೋಯಿತು. ಅಲ್ಲಿಯ ಬಾಡಿಗೆ ಕಟ್ಟಲಾಗದೆ ಎರಡು ಸೂಟ್‌ಕೇಸ್ ಹಿಡಿದು ಟೆಕ್ಸಸ್‌ನಲ್ಲಿರುವ ನಮ್ಮ ಮನೆಗೆ ಬಂದಳು. ವಾರವಿಡೀ ಮೌನವಾಗಿದ್ದವಳು ಒಂದು ಸಂಜೆ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೇಳಿದಳು: "ಅಕ್ಕಾ, ಆ ರಾಜ್ಯವನ್ನೇ ಬಿಟ್ಟು ಬಂದೆನಲ್ಲ, ಇನ್ನು ನಿರುದ್ಯೋಗ ಭತ್ಯೆಯನ್ನು ಯಾರು ಕೊಡುತ್ತಾರೆ?"

ಕ್ಯಾಲಿಫೋರ್ನಿಯಾವೇ ಕೊಡಬೇಕು. ಈ ಭತ್ಯೆ ಒಂದು ವಿಮೆ. ಈಗ ಎಲ್ಲಿ ಮಲಗುತ್ತೀರಿ ಎಂದು ಅದು ಕೇಳುವುದಿಲ್ಲ, ಎಲ್ಲಿ ದುಡಿದಿರಿ ಎಂದು ಕೇಳುತ್ತದೆ. ಸಾಮಾನ್ಯವಾಗಿ ಹಿಂದಿನ ಐದು ಪೂರ್ಣ ತ್ರೈಮಾಸಿಕಗಳಲ್ಲಿ (ಅಂದರೆ ಮೂರು ತಿಂಗಳ ಅವಧಿಗಳಲ್ಲಿ) ಮೊದಲ ನಾಲ್ಕರ ಸಂಬಳವನ್ನು ನೋಡಿ ಅರ್ಹತೆ ತೀರ್ಮಾನಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ವಾರಕ್ಕೆ ಹೆಚ್ಚೆಂದರೆ 450 ಡಾಲರ್. ಫ್ಲಾರಿಡಾದಲ್ಲಿ ದುಡಿದಿದ್ದರೆ 275ಕ್ಕೇ ನಿಲ್ಲುತ್ತಿತ್ತು. ಆ ಅವಧಿಯಲ್ಲಿ ಎರಡು ರಾಜ್ಯಗಳಲ್ಲಿ ದುಡಿದವರು ಎರಡೂ ಕಡೆಯ ಸಂಬಳ ಕೂಡಿಸಿ ಒಂದೇ ಅರ್ಜಿ ಹಾಕಬಹುದು.

"ಸರ್ಕಾರದ ಮುಂದೆ ಕೈಚಾಚಬೇಕೇ?" ಎಂದಳು. ನನಗೆ ಸಿಟ್ಟೇ ಬಂತು. ಕಾರಿಗೆ ಪೆಟ್ಟಾದಾಗ ವಿಮೆ ಕೇಳಲು ನಾವು ನಾಚುತ್ತೇವೆಯೇ? 1935ರ ಸಾಮಾಜಿಕ ಭದ್ರತಾ ಕಾಯ್ದೆಯ ಬಲದಿಂದ ದೇಶವ್ಯಾಪಿಯಾದ ವಿಮೆ ಇದು. ಅವಳು ದುಡಿದಷ್ಟು ಕಾಲವೂ ಮಾಲೀಕರು ಇದಕ್ಕಾಗಿ ತೆರಿಗೆ ಕಟ್ಟಿದ್ದಾರೆ. ಸಂಕೋಚಪಟ್ಟು ದಿನ ದೂಡಿದರೆ ನಷ್ಟ ನಮಗೇ, ಏಕೆಂದರೆ ಸಾಮಾನ್ಯವಾಗಿ ಅರ್ಜಿ ಹಾಕಿದ ವಾರದಿಂದಷ್ಟೇ ಲೆಕ್ಕ ಶುರು.

ತಂಗಿಗೆ ಕಾಯಂ ವಾಸದ ಗ್ರೀನ್ ಕಾರ್ಡ್ ಇತ್ತು. ಆದರೆ ತಾತ್ಕಾಲಿಕ ಉದ್ಯೋಗದ ಎಚ್-1ಬಿ ವೀಸಾದವರಿಗೆ ಸಾಮಾನ್ಯವಾಗಿ ಈ ಭತ್ಯೆ ದಕ್ಕುವುದಿಲ್ಲ. ಹೊಸ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನಗಳ ಗಡುವು. ಅವರ ಸಂಬಳದ ಮೇಲೂ ಮಾಲೀಕರು ತೆರಿಗೆ ಕಟ್ಟಿರುತ್ತಾರೆಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಹಣ ಹಳೆಯ ರಾಜ್ಯದ್ದಾದರೂ ಕೆಲಸ ಹುಡುಕಬೇಕಾದದ್ದು ಹೊಸ ಊರಿನಲ್ಲಿ. ಅಲ್ಲಿಯ ಸರ್ಕಾರಿ ಉದ್ಯೋಗ ಸೇವೆಯಲ್ಲಿ ಹೆಸರು ನೋಂದಾಯಿಸಿಕೊಳ್ಳಿ, ಎಲ್ಲೆಲ್ಲಿ ಅರ್ಜಿ ಹಾಕಿದಿರೆಂದು ದಿನಾಂಕ ಸಹಿತ ಬರೆದಿಡಿ. ನಡುವೆ ಭಾರತಕ್ಕೆ ಹೋಗಿಬಂದರೆ ಆ ವಾರಗಳ ಹಣ ಸಾಮಾನ್ಯವಾಗಿ ಸಿಗದು. ಅದನ್ನು ಮುಚ್ಚಿಡಬೇಡಿ, ದಂಡ ತೆರಬೇಕಾದೀತು. ಇನ್ನು ತಾವಾಗಿಯೇ ರಾಜೀನಾಮೆ ಕೊಟ್ಟು ಊರು ಬದಲಿಸಿದವರು ಬಲವಾದ ಕಾರಣ ತೋರಿಸಬೇಕು. ಗಂಡನಿಗೋ ಹೆಂಡತಿಗೋ ವರ್ಗವಾದದ್ದನ್ನು ಕೆಲವು ರಾಜ್ಯಗಳು ಒಪ್ಪುತ್ತವೆ, ಎಲ್ಲವೂ ಅಲ್ಲ.

ತಂಗಿ ಎಲ್ಲವನ್ನೂ ಮಾಡಿ ವಿಳಾಸ ಬದಲಿಸುವುದನ್ನು ಮಾತ್ರ ಮರೆತಿದ್ದಳು. ಗುರುತಿನ ದಾಖಲೆ ಕೇಳಿದ ಪತ್ರ ಹಳೆಯ ಮನೆಯ ಅಂಚೆಪೆಟ್ಟಿಗೆಯಲ್ಲಿ ಬಿದ್ದಿತ್ತು. ಹೊಸ ಬಾಡಿಗೆದಾರರು ಲಕೋಟೆಯ ಚಿತ್ರವನ್ನು ಮೊಬೈಲಿಗೆ ಕಳಿಸಿದಾಗ ಗಡುವಿಗೆ ಎರಡೇ ದಿನ ಉಳಿದಿತ್ತು. ಅಂದು ರಾತ್ರಿಯೇ ಊಟದ ಮೇಜಿನ ಮೇಲೆ ಪಾಸ್‌ಪೋರ್ಟ್ ಬಿಡಿಸಿಟ್ಟು, ನಾನು ಟಾರ್ಚ್ ಹಿಡಿದೆ, ಅವಳು ಚಿತ್ರ ತೆಗೆದಳು. ಮರುವರ್ಷದ ಜನವರಿಯಲ್ಲಿ ಪಡೆದ ಭತ್ಯೆಯ ಲೆಕ್ಕ ತೋರಿಸುವ ತೆರಿಗೆಯ 1099-ಜಿ ನಮೂನೆ ನಮ್ಮ ಮನೆಯ ವಿಳಾಸಕ್ಕೇ ಬಂತು.